ಐದು ಜೊತೆ ಕೈಗವಸು

"ದೂರದಿಂದ ಒಂದು ಸಲ ನೋಡಿ ಬಂದುಬಿಡ್ತೀನಿ, ಅಷ್ಟೇ" ಎಂದಳು ಅವಳು, ಕಾರಿನಿಂದ ಇಳಿಯುತ್ತ.

"ದೂರದಿಂದ ನೋಡೋಕೆ ಕನ್ನಡಿ ಮುಂದೆ ಒಂದು ಗಂಟೆ ಯಾಕೆ ಬೇಕಿತ್ತು ಚಿಕ್ಕಮ್ಮ?" ಎಂದಳು ಅಕ್ಕನ ಮಗಳು.

ಅಂದು ಮೂವರು ಹಿರಿಯ ಗಗನಯಾತ್ರಿಗಳಿಗೆ ಸನ್ಮಾನ. ಅವರ ಉಡುಪು ಹೊಲಿದ ಹಳೆಯ ಕೆಲಸಗಾರರಿಗೂ ಆಹ್ವಾನವಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಅವಳು ಕೈಗವಸಿನ ವಿಭಾಗದಲ್ಲಿದ್ದಳು. ಗಗನಯಾತ್ರಿಯ ಕೈಗವಸು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಒಬ್ಬೊಬ್ಬರ ಬೆರಳಿಗೂ ಬೇರೆ ಅಳತೆ. ಆ ಮೂವರಲ್ಲೊಬ್ಬನಾದ ಕ್ಯಾಪ್ಟನ್‌ನ ಕೈ ಅವಳ ಪಾಲಿಗೆ ಬಂತು. ಅಳತೆ ತೆಗೆಯುತ್ತ ತಲೆ ಎತ್ತಿದಾಗಲೆಲ್ಲ ಅವನು ಗಡಿಬಿಡಿಯಿಂದ ಮೇಲಿನ ಫ್ಯಾನ್ ನೋಡುತ್ತಿದ್ದ. ಆ ಫ್ಯಾನ್ ಕೆಟ್ಟು ತಿಂಗಳಾಗಿತ್ತು. ಅವಳಿಗೆ ನಗು ಬಂದರೂ ತುಟಿ ಕಚ್ಚಿ ಕಿರುಬೆರಳಿನ ಅಳತೆ ಬರೆದುಕೊಂಡಳು.

ಮೊದಲ ಜೊತೆ ಕೊಟ್ಟಾಗ ಹೆಬ್ಬೆರಳ ಹತ್ತಿರ ಬಿಗಿ ಎಂದು ವಾಪಸು ಬಂದ. ಎರಡನೆಯದಕ್ಕೆ ಕಿರುಬೆರಳಿನ ತಕರಾರು. ಹೀಗೆ ಐದು ಜೊತೆಯಾಯಿತು. ಪ್ರತಿ ಜೊತೆಯ ಮಣಿಕಟ್ಟಿನಂಚಿಗೆ ಅವಳು ನೀಲಿ ದಾರದ ಗಂಟು ಹಾಕುತ್ತಿದ್ದಳು, ಮೊದಲನೆಯದಕ್ಕೆ ಒಂದು, ಐದನೆಯದಕ್ಕೆ ಐದು. ಅವಳ ಕೆಲಸವನ್ನು ಕಣ್ಣು ಮುಚ್ಚಿ ಒಪ್ಪುತ್ತಿದ್ದ ಮೇಲ್ವಿಚಾರಕರೇ "ಏನಮ್ಮಾ ಇದು?" ಎಂದುಬಿಟ್ಟರು. ಅವಳು ಬಾತ್‌ರೂಮಿನಲ್ಲಿ ನಿಂತು ಅತ್ತು, ತಾನಾಗಿ ಕೇಳಿಕೊಂಡು ಬೂಟಿನ ವಿಭಾಗಕ್ಕೆ ಹೋದಳು. ಮನಸ್ಸಿಗೆ ಹಿಡಿಸಿದವನ ಕೈಗೇ ಸರಿಯಾಗಿ ಹೊಲಿಯಲಾಗಲಿಲ್ಲವಲ್ಲ ಎಂಬ ಕೊರಗು ಅವಳ ಜೊತೆಗೇ ಹೋಯಿತು. ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ಹೇಳಿ ತಪ್ಪಿಸಿಕೊಂಡಳು.

ಸಭಾಂಗಣದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಿತ್ತು. 'ಕ್ಯಾಪ್ಟನ್ ಅಂತರಿಕ್ಷದಲ್ಲಿ ಧರಿಸಿದ ಕೈಗವಸು' ಎಂಬ ಚೀಟಿ. ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಎರಡು ಸಲ ನೋಡಿದಳು. ಗಂಟು ಒಂದೇ ಒಂದು.

"ಚಿಕ್ಕಮ್ಮ, ಮುಖ ಯಾಕೆ ಹಾಗಾಯ್ತು?"

"ಹತ್ತಿರದಿಂದಲೇ ನೋಡ್ಬೇಕು ಕಣೇ. ನೋಡಿ ಎರಡು ಮಾತು ಕೇಳ್ಬೇಕು."

ಮೂವರೂ ಸಾಲಾಗಿ ಕೂತು ಬಂದವರ ಕೈ ಕುಲುಕುತ್ತಿದ್ದರು. ಕ್ಯಾಪ್ಟನ್‌ನ ಕೂದಲೆಲ್ಲ ಬೆಳ್ಳಗಾಗಿತ್ತು. ಅವಳನ್ನು ಕಂಡದ್ದೇ ತಡ ಅವನು ಎದ್ದು ನಿಂತ. ಅವಳ ಕಡೆಯಿಂದ ನಮಸ್ಕಾರವೂ ಇಲ್ಲ, ಕ್ಷೇಮ ಸಮಾಚಾರವೂ ಇಲ್ಲ.

"ಮೊದಲನೇ ಜೊತೆ ಹಾಕ್ಕೊಂಡು ಹೋಗಿದ್ರಾ?"

"ಹೂಂ. ಅದೊಂದೇ ಕೈಗೆ ಸರಿಯಾಗಿದ್ದಿದ್ದು. ಆಮೇಲಿನ ನಾಲ್ಕೂ ಸಡಿಲ."

"ಮತ್ತೆ ಬಿಗಿ ಬಿಗಿ ಅಂತ ನನ್ನ ಪ್ರಾಣ ಯಾಕೆ ತಿಂದ್ರಿ?"

"ಸರಿಯಾಗಿದೆ ಅಂದಿದ್ರೆ ಕೆಲಸ ಮುಗೀತು ಅಂತ ಕಳಿಸಿಬಿಡ್ತಿದ್ರಿ" ಎಂದ ಅವನು, ತಪ್ಪು ಒಪ್ಪಿಕೊಳ್ಳುವ ಶಾಲೆಯ ಹುಡುಗನಂತೆ. "ನಿಮ್ಮ ಮೇಜಿನ ಹತ್ರ ಬರೋಕೆ ಬೇರೆ ನೆಪ ಇರ್ಲಿಲ್ಲ."

ಪಕ್ಕದಲ್ಲಿದ್ದ ಹಿರಿಯ ಗಗನಯಾತ್ರಿ ಮೇಡಂ ಕತ್ತು ಚಾಚಿದರು. "ಓಹೋ, ಆ ಹೊಲಿಗೆಯವರು ನೀವೇನಾ? ಹನ್ನೊಂದು ದಿನ ಅಂತರಿಕ್ಷದಲ್ಲಿ ನಿಮ್ಮ ವಿಷಯ ಹೇಳಿ ಹೇಳಿ ನನ್ನ ತಲೆ ತಿಂದಿದ್ದಾನೆ!"

"ಅವರಿಗೆ ಹೇಳೋ ಬದಲು ನನಗೆ ಹೇಳ್ಬಹುದಿತ್ತಲ್ಲ!"

"ವಾಪಸು ಬಂದು ಹೇಳೋಣ ಅಂತಿದ್ದೆ. ಬಂದು ನೋಡಿದ್ರೆ, ನನ್ನ ಕಾಟ ತಡೀಲಾರದೆ ನೀವು ಬೂಟಿಗೆ ಹೋಗಿದ್ದೀರಿ ಅಂದ್ರು. ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ನನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ. ಇಷ್ಟು ವರ್ಷವೂ."

ಅವನ ನಗು ಆರಿಹೋಯಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಆ ಕಗ್ಗತ್ತಲಲ್ಲಿ, ಆ ಚಳಿಯಲ್ಲಿ ನನ್ನ ಬೆರಳು ಉಳಿದಿದ್ದು ಈ ಕೈಯಿಂದ. ತಪ್ಪೆಲ್ಲ ನನ್ನದು. ಇಷ್ಟಪಟ್ಟೆ, ಹೇಳೋ ಧೈರ್ಯ ಬರ್ಲಿಲ್ಲ. ಬೇರೆ ಯಾರನ್ನೂ ಮದುವೆಯಾಗ್ಲೂ ಇಲ್ಲ. ಈಗ ಹೇಳ್ತಿದ್ದೀನಿ, ಇಷ್ಟ. ಇವತ್ತಿಗೂ."

ಇಪ್ಪತ್ತೆಂಟು ವರ್ಷದ ಭಾರ ಇಳಿದು ಅವಳು ನಕ್ಕಳು, ನಗುತ್ತಲೇ ಅತ್ತಳು. ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೂಗಿದರು. ಅವನು ಕದಲಲಿಲ್ಲ.

"ಹೋಗಿ, ಕರೀತಿದ್ದಾರೆ."

"ಹೋದ್ರೆ ನೀವು ಇರ್ತೀರಾ?"

"ಇರ್ತೀನಿ. ಈ ಸಲ ನೆಪ ಗಿಪ ಏನೂ ಬೇಡ, ನೇರವಾಗಿ ಬನ್ನಿ."

ಕ್ಯಾಪ್ಟನ್ ವೇದಿಕೆ ಹತ್ತಿ ಶಾಲು, ಫಲಕ ತೆಗೆದುಕೊಂಡ. ಮಾತಾಡಿ ಎಂದು ಮೈಕು ಕೊಟ್ಟರೆ "ಕ್ಷಮಿಸಿ, ಒಬ್ಬರು ಕಾಯ್ತಿದ್ದಾರೆ" ಎಂದವನೇ ಮೆಟ್ಟಿಲಿಳಿದು, ತುಂಬಿದ ಸಭೆಯ ನಡುವೆ ನೇರವಾಗಿ ಅವಳ ಕಡೆಗೆ ನಡೆದು ಬಂದ.