ನಾಲ್ಕಾಳು ನೀರಿನ ಹಗ್ಗ

ಬಾಬಾಜಾನನನ್ನು ನಾನು ಮೊದಲ ಸಲ ಕಣ್ತುಂಬ ನೋಡಿದ್ದು ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದಾಗ. ನಮ್ಮ ಲಾರಿ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಕೂತು, ಕೆಂಪು ಚೌಕವನ್ನು ಕಣ್ಣಿಗೆ ಬಿಗಿದುಕೊಂಡು, ಹಗ್ಗಕ್ಕೆ ಗಂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ. ಸೌದೆಗೆಂದು ಹೋದವಳು ಸೌದೆ ಮರೆತು ನಿಂತೆ. ಅವನಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಮೂಗು ಸ್ವಲ್ಪ ಸೊಟ್ಟ, ಬೆರಳು ಉದ್ದ, ಗಂಟು ಸರಿಬಂದಾಗೆಲ್ಲ ತುಟಿಯ ಒಂದೇ ಮೂಲೆಯಲ್ಲಿ ನಗು.

"ನೋಡೋದಾದ್ರೆ ನೋಡಿ. ಬಳೆ ಸದ್ದು ಮಾತ್ರ ಮಾಡ್ಬೇಡಿ, ಗಂಟು ತಪ್ತದೆ," ಎಂದ.

ನನ್ನ ಮುಖ ಕೆಂಡವಾಯಿತು. ಸೌದೆ ಬೇಕಿತ್ತು ಎಂದೆ. ಬಟ್ಟೆ ಬಿಚ್ಚದೆಯೇ ಸೌದೆಯ ಮೂಲೆಗೆ ಕೈ ತೋರಿಸಿದ.

೧೯೬೬ರ ಬೇಸಿಗೆ. ಸಕಲೇಶಪುರದ ರೈಲು ಸೇತುವೆಗೆಂದು ಹೇಮಾವತಿಯಲ್ಲಿ ಕಂಬಗಳ ಬುಡಕ್ಕೆ ಕಾಂಕ್ರೀಟಿನ ದೊಡ್ಡ ಬಾವಿಗಳನ್ನು ಇಳಿಸುತ್ತಿದ್ದರು. ಅಬ್ಬಾ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಅಣ್ಣ ಅಸಾದುಲ್ಲಾ, ದೋಣಿಗಲ್‌ನಿಂದ ಆ ಕೆಲಸಕ್ಕೆ ಲಾರಿಯಲ್ಲಿ ಕಲ್ಲು ತರುತ್ತಿದ್ದ. ರಂಜಾನ್ ಕಳೆದ ಮೇಲೆ, ಹೆಂಡತಿ ಸತ್ತ ಹಾಸನದ ಕಾಫಿ ವ್ಯಾಪಾರಿಯೊಬ್ಬನಿಗೆ ನನ್ನನ್ನು ಕೊಡುವುದೆಂದು ಮಾತಾಡಿ ಬಂದ. ಅಂದಿನಿಂದ ನನಗೆ ಹಿತ್ತಲು, ಶೆಡ್ಡು, ಬೇಲಿ ಇಷ್ಟೇ ಲೋಕ. ಬೇಲಿಯಾಚೆ ಹೊಳೆ. ಅಣ್ಣ ಕೆಟ್ಟವನಲ್ಲ. ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುವುದೊಂದೇ ಅವನಿಗೆ ಗೊತ್ತಿದ್ದ ಪ್ರೀತಿ. ಉಸಿರು ಕಟ್ಟುತ್ತಿದ್ದುದು ನನಗೆ.

ಬಾಬಾಜಾನ್ ಬೆಳಗೋಡಿನವನು, ಬಾವಿಗೆ ಬಿದ್ದ ಕೊಡ ಎತ್ತಿಕೊಡುವುದರಲ್ಲಿ ಹೆಸರಾದವನು. ನಮ್ಮ ಲಾರಿಯ ಕ್ಲೀನರಾಗಿದ್ದವನನ್ನು ಸೇತುವೆಯ ಮೇಸ್ತ್ರಿ ನೀರಿನ ಕೆಲಸಕ್ಕೆ ಕರೆದುಕೊಂಡ. ಮೇಸ್ತ್ರಿ ತೂತುಕುಡಿಯ ಕಡಲಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದ ಮುದುಕ. ತಾಮ್ರದ ತಲೆ ತೊಡಿಸಿ, ಸೀಸದ ಬೂಟು ಹಾಕಿಸಿ, ಪಂಪಿನ ಗಾಳಿಯಲ್ಲಿ ಎರಡಾಳುದ್ದದ ನೀರಿಗೆ ಇಳಿಯುವುದನ್ನು ಕಲಿಸಿದ್ದ. ಅದು ಮೊದಲ ಪಾಠ. ಬಾವಿಯ ತಳಕ್ಕೆ ಹಳೆಯ ಮರವೊಂದು ಅಡ್ಡ ಸಿಕ್ಕಿದ್ದು ನಾಲ್ಕಾಳು ಕೆಳಗೆ, ಕೆಸರುಗತ್ತಲಲ್ಲಿ. ಅದನ್ನು ಎಳೆದು ತೆಗೆಯಲು ಯಾರಾದರೂ ಇಳಿದು ಹಗ್ಗ ಬಿಗಿಯಬೇಕು, ಅಲ್ಲಿ ಕಣ್ಣಿನ ಕೆಲಸವನ್ನೆಲ್ಲ ಬೆರಳೇ ಮಾಡಬೇಕು.

ಆಮೇಲೆ ನಮ್ಮ ಮನೆಯಲ್ಲಿ ಸೌದೆ ದಿನಾ ಮುಗಿಯತೊಡಗಿತು. ಅವನು ಹಗ್ಗದ ಮಾತು ಹೇಳಿಕೊಟ್ಟ. ಕೆಳಗಿನವನು ಒಂದು ಸಲ ಜಗ್ಗಿದರೆ ಕ್ಷೇಮ, ಎರಡು ಸಲ ಜಗ್ಗಿದರೆ ಸಡಿಲ ಬಿಡು, ನಾಲ್ಕು ಸಲ ಜಗ್ಗಿದರೆ ಮೇಲೆಳೆ. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನಡುವೆ ಲಾರಿ. ಇನ್ನೊಮ್ಮೆ ಜಗ್ಗಲಿ ಎಂದು ನಾನು ಬೇಕೆಂದೇ ತಪ್ಪು ಹೇಳುತ್ತಿದ್ದೆ. ಸಿಕ್ಕಿಕೊಂಡವನನ್ನು ಎಳೆಯಲೇಬಾರದಂತೆ, ಗಾಳಿಯ ಕೊಳವೆ ಹರಿದುಹೋಗುತ್ತದಂತೆ. ಸಡಿಲ ಬಿಟ್ಟರೆ ಅವನೇ ಒಂದು ಹೆಜ್ಜೆ ಹಿಂದೆ ಸರಿದು ಬಿಡಿಸಿಕೊಳ್ಳುತ್ತಾನೆ.

ಒಂದು ಮಧ್ಯಾಹ್ನ ಅವನ ಮುಖ ಬಾಡಿತ್ತು. ಎರಡಾಳಿಗಿಂತ ಕೆಳಗೆ ಇಳಿಸಲು ಮೇಸ್ತ್ರಿ ಒಪ್ಪಿರಲಿಲ್ಲ. ಅವರ ಕಡಲಿನವರ ಪದ್ಧತಿಯಲ್ಲಿ ಆಳಕ್ಕಿಳಿಯುವವನ ಹಗ್ಗ ಹೆಂಡತಿಯ ಅಣ್ಣನ ಕೈಯಲ್ಲೇ ಇರಬೇಕು. ತಂಗಿ ವಿಧವೆಯಾಗಬಾರದೆಂದು ಅವನು ಎಚ್ಚರ ತಪ್ಪುವುದಿಲ್ಲವಂತೆ. ಮಳೆಗೆ ಮುಂಚೆ ಮೇಸ್ತ್ರಿ ಊರಿಗೆ ಹೊರಡುತ್ತಾನೆ. ಅಷ್ಟರಲ್ಲಿ ಕಲಿಯದಿದ್ದರೆ ಬಾಬಾಜಾನನಿಗೆ ಮತ್ತೆ ಲಾರಿ ತೊಳೆಯುವುದೇ ಗತಿ.

"ನಂಗೆ ಹೆಂಡ್ತಿನೇ ಇಲ್ಲ, ಅವಳಣ್ಣನ್ನ ಎಲ್ಲಿಂದ ತರ್ಲಿ?" ಎಂದ.

"ಮೊದ್ಲು ಅಣ್ಣನ್ನ ಹುಡುಕ್ಕಳಿ. ತಂಗಿ ತಾನಾಗೇ ಸಿಗ್ತಾಳೆ," ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಟಾಗಿತ್ತು. ಅವನು ನೋಡಿದ ನೋಟಕ್ಕೆ ನನ್ನ ಕೈಯ ಸೌದೆ ಜಾರಿತು.

ಮರುದಿನ ಹಗ್ಗ ಹಿಡಿಯಲು ಅವನು ನಮ್ಮಣ್ಣನನ್ನೇ ಕೇಳಿದ. ಆ ಪದ್ಧತಿಯ ಗಂಧಗಾಳಿಯಿಲ್ಲದ ಅಣ್ಣ, ತನ್ನ ತೋಳಿನ ಬಲ ನೋಡಿ ಕರೆದರೆಂದು ಉಬ್ಬಿಹೋದ. ಇವನು ನಿನಗೆ ಏನಾಗಬೇಕು ಎಂದು ಮೇಸ್ತ್ರಿ ಕೇಳಿದ್ದಕ್ಕೆ, ನಮ್ಮವನೇ ಎಂದನಂತೆ. ಮೇಸ್ತ್ರಿಗೆ ಅಷ್ಟು ಸಾಕಾಯಿತು, ಹೆಂಡತಿಯ ಅಣ್ಣನೇ ಎಂದುಕೊಂಡ.

ನಾನು ಬೇಲಿಯ ಹಿಂದೆ ನಿಂತಿದ್ದೆ. ತಾಮ್ರದ ತಲೆ ಬಾವಿಯೊಳಗೆ ಇಳಿಯಿತು. ಹಗ್ಗ ಒಮ್ಮೆ ಜಗ್ಗಿತು, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಆಮೇಲೆ ಅಣ್ಣನ ತೋಳು ಬೆನ್ನುಬೆನ್ನಿಗೆ ಎರಡು ಸಲ ಅದುರಿತು. ಮತ್ತೆ ಎರಡು. ಮತ್ತೆ ಎರಡು.

ಸಿಕ್ಕಿಕೊಂಡಿದ್ದ. ಮೇಸ್ತ್ರಿ ಗಾಳಿಪಂಪಿನ ಚಕ್ರ ಬಿಟ್ಟು ಬರುವಂತಿರಲಿಲ್ಲ, ಅಲ್ಲಿಂದಲೇ ಸಡಿಲ ಬಿಡು ಎಂದು ಕೂಗಿದ. ಬಿಟ್ಟರೆ ಕೈತಪ್ಪಿ ಹೋಗುತ್ತಾನೆ ಎನ್ನುತ್ತ ಅಣ್ಣ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆಯತೊಡಗಿದ.

ಬೇಲಿ ಹೇಗೆ ದಾಟಿದೆನೋ ಗೊತ್ತಿಲ್ಲ. ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು. ಅಷ್ಟೊಂದು ಗಂಡಸರ ನಡುವೆ ಬರಿಗಾಲಲ್ಲಿ ಓಡಿದೆ. ಮೇಸ್ತ್ರಿ ಅಣ್ಣನನ್ನು ಬೈಯುತ್ತಿದ್ದ, ಕೆಳಗಿರುವವನು ನಿನ್ನ ತಂಗಿಯ ಗಂಡನಲ್ಲವೇ, ಅದಕ್ಕೇ ತಾನೇ ಹಗ್ಗವನ್ನು ನಿನ್ನ ಕೈಗೆ ಕೊಟ್ಟದ್ದು, ಅವನ ಹಗ್ಗದ ಮಾತು ಕೇಳು ಎಂದು.

ಅಣ್ಣ ತಲೆಯೆತ್ತಿದ. ಎದುರಿಗೆ ನಾನಿದ್ದೆ.

"ಏನಂತಾವ್ನೆ ಬಿಲ್ಕಿಸ್, ಇವ್ನು?"

"ಹೌದು ಭಾಯಿ," ಎಂದೆ. "ಹಾಸನಕ್ಕೆ ನಾನು ಹೋಗಕಿಲ್ಲ. ಈಗ ಸಡಿಲ ಬಿಡು. ನೀನು ಎಳೆದ್ರೆ ಅವ್ರು ಸಾಯ್ತಾರೆ."

ಅವನ ಕಣ್ಣಿಗೆ ಮೊದಲು ಸಿಟ್ಟು ಬಂತು. ಆಮೇಲೆ ಭಯ. ಅಬ್ಬಾ ಸತ್ತ ದಿನ ನನ್ನ ಕೈ ಹಿಡಿದು ನಿಂತಾಗಲೂ ಅವನ ಮುಖ ಹೀಗೇ ಇತ್ತು. ಸೊಂಟದ ಸುತ್ತು ಬಿಚ್ಚಿ, ಎರಡು ಮಾರು ಹಗ್ಗವನ್ನು ನೀರಿಗೆ ಬಿಟ್ಟ.

ಹಗ್ಗ ಅಲುಗದೆ ಮಲಗಿತು. ನಾನೂ ಅದರ ಮೇಲೆ ಕೈಯಿಟ್ಟೆ, ಅಣ್ಣ ಬೇಡವೆನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನಮ್ಮಿಬ್ಬರ ಅಂಗೈಗೂ ಒಟ್ಟಿಗೇ ತಿಳಿಯಿತು. ಒಂದು, ಎರಡು, ಮೂರು, ನಾಲ್ಕು.

ತಾಮ್ರದ ತಲೆ ಕಳಚಿದಾಗ ಬಾಬಾಜಾನನ ತುಟಿ ನೀಲಿಯಾಗಿತ್ತು. ಮರದ ಕವಲಿಗೆ ಬೂಟು ಸಿಕ್ಕಿತ್ತಂತೆ, ಆದರೂ ಗಂಟು ಬಿಗಿದು ಬಂದಿದ್ದ. ನನ್ನನ್ನು ನೋಡಿದ. ಆಮೇಲೆ ಅಣ್ಣನನ್ನು ನೋಡಿ ತಲೆ ತಗ್ಗಿಸಿದ. ಅಣ್ಣನ ಅಂಗೈ ಹಗ್ಗ ಉಜ್ಜಿ ಕಿತ್ತುಹೋಗಿತ್ತು. ಅವನು ಆ ಕೈಯಲ್ಲೇ ಒದ್ದೆ ಹಗ್ಗವನ್ನೆಲ್ಲ ಸುರುಳಿ ಸುತ್ತಿದ.

"ಇನ್ನೆಷ್ಟು ದಿನ ಐತೆ ಕೆಳಗಿನ ಕೆಲ್ಸ?" ಎಂದು ಬಾಬಾಜಾನನನ್ನು ಕೇಳಿದ.

"ಮಳೆ ಹಿಡಿಯೋಗಂಟ ಐತಣ್ಣ."

"ಹಗ್ಗ ಬೇರೆ ಯಾರಿಗೂ ಕೊಡ್ಬೇಡ. ನಾನೇ ಹಿಡೀತೀನಿ."

ಮೇಸ್ತ್ರಿ ಬೊಚ್ಚುಬಾಯಲ್ಲಿ ನಕ್ಕ. ಅಣ್ಣ ನನ್ನತ್ತ ತಿರುಗಿ, ಮನೆಗೆ ನಡೆ ಎಂದು ಗದರಿದ. ನಾನು ಬೇಲಿಯ ಕಡೆ ಹೊರಟೆ. ಆ ಮುಳ್ಳಿನಲ್ಲಿ ಯಾಕೆ ಹೋಗ್ತೀಯ, ರಸ್ತೆ ಮೇಲೇ ಹೋಗು ಎಂದ.