ಹನ್ನೊಂದೂವರೆಯ ಪತ್ರ

ರಿಪೇರಿಗೆ ಬರುವವರ ಮಾತನ್ನು ನಾನು ನಂಬುವುದಿಲ್ಲ. ತಾವೇ ಕೆದಕಿ ಹಾಳು ಮಾಡಿ, ತಾನಾಗೇ ಕೆಟ್ಟೋಯ್ತು ಅನ್ನುತ್ತಾರೆ. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರ್ ಹೊತ್ತು ತಂದ ಹೆಂಗಸಿನ ಮೇಲೂ ಅದೇ ಅನುಮಾನ.

“ಇದು ನಮ್ಮಣ್ಣಂದು. ಅವನು ತೀರಿಕೊಂಡು ವರ್ಷ ಆಯ್ತು. ಅವತ್ತಿಂದ ಆನ್ ಆಗ್ತಿಲ್ಲ. ಅವನ ಪತ್ರಗಳೆಲ್ಲ ಇದ್ರಲ್ಲೇ ಇವೆ.”

“ಯಾರಾದ್ರೂ ಬಿಚ್ಚಿದ್ರಾ?”

“ಮುಟ್ಟೋರೇ ಇಲ್ಲ.”

ಬಿಚ್ಚಿ ನೋಡಿದರೆ ಒಳಗೆ ಚೂರೂ ಧೂಳಿರಲಿಲ್ಲ. ಈಗಷ್ಟೇ ಆಫ್ ಮಾಡಿದಂತೆ ಬೆಚ್ಚಗಿತ್ತು. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಎಂದಿನ ಪದ್ಧತಿಯಂತೆ ಹಾರ್ಡ್ ಡಿಸ್ಕ್ ಕಳಚಿ ಪಕ್ಕಕ್ಕಿಟ್ಟು, ಮಿಕ್ಕ ಭಾಗಗಳು ಸರಿಯಿವೆಯೇ ಎಂದು ತಿಳಿಯಲು ಡಿಸ್ಕ್ ಇಲ್ಲದೆಯೂ ಮೆಷೀನು ನಡೆಸುವ ರೆಸ್ಕ್ಯೂ ಸಿ.ಡಿ. ಹಾಕಿದೆ. ಮೆಷೀನು ಆ ಸಿ.ಡಿ.ಯಿಂದ ಆನ್ ಆಯಿತು.

ಪರದೆಯ ಮೇಲೆ ‘ಪತ್ರಗಳು’ ಎಂಬ ಫೋಲ್ಡರ್ ಕಂಡಿತು. ಕೊನೆಯ ಪತ್ರ ಸೇವ್ ಆಗಿದ್ದು ಅಂದೇ, ಹನ್ನೊಂದೂವರೆಗೆ. ಸಿಕ್ಕಿಬಿದ್ದರು ಅನ್ನಿಸಿತು.

“ಇವತ್ತು ಹನ್ನೊಂದೂವರೆಗೆ ಯಾರೋ ಇದ್ರಲ್ಲಿ ಬರ್ದಿದ್ದಾರೆ. ಮುಟ್ಟೋರೇ ಇಲ್ಲ ಅಂದ್ರಲ್ಲಮ್ಮಾ?”

ಅವರು ಗೋಡೆ ಗಡಿಯಾರ ನೋಡಿದರು. ಹನ್ನೊಂದು ಮೂವತ್ತೈದು.

“ಹನ್ನೊಂದರಿಂದ ನಿಮ್ಮೆದುರೇ ಕೂತಿದ್ದೀನಲ್ಲ.”

ಕಂಪ್ಯೂಟರಿನ ಟೈಮೇ ತಪ್ಪಿರಬೇಕು ಎಂದು ಗೊಣಗುತ್ತ ಪತ್ರ ತೆರೆದೆ. ಒಂದೇ ಸಾಲು: ‘ತಂಗಿ, ಊಟಕ್ಕೆ ಕಾಯಬೇಡ, ಇಲ್ಲಿ ಇನ್ನೂ ತಡವಾಗುತ್ತೆ.’

“ದಿನಾ ಹೀಗೇ ಬರೀತಿದ್ದ,” ಎಂದರು ಅವರು ಮೆಲ್ಲಗೆ.

ಆ ಪತ್ರವನ್ನಾದರೂ ಕಾಪಿ ಮಾಡಿಕೊಡೋಣವೆಂದು ಪೆನ್ ಡ್ರೈವಿಗೆ ಕೈ ಚಾಚಿದೆ. ಮೊಣಕೈಗೆ ಏನೋ ತಣ್ಣಗೆ ತಗುಲಿತು. ಪತ್ರಗಳೆಲ್ಲ ಇರಬೇಕಾದ ಹಾರ್ಡ್ ಡಿಸ್ಕ್, ಒಂದು ವೈರೂ ಇಲ್ಲದೆ, ನಾನು ಕಳಚಿಟ್ಟಲ್ಲೇ ಮೇಜಿನ ಮೇಲಿತ್ತು.