ಚೆನ್ನಾಜಿ ಗೋಡೆಯ ಮೇಲೆ ಬರೆದದ್ದು

ಬಹಳ ಹಿಂದೆ, ಈಗಿನ ಊರುಗಳಿಗೆ ಇನ್ನೂ ಹೆಸರೇ ಇಡದಿದ್ದ ಕಾಲದಲ್ಲಿ, ಕೆಂಬಾಗಿಲು ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಹೆಮ್ಮೆಪಡುವಂಥವು ಎರಡಿದ್ದವು. ಒಂದು ಏಳಂತಸ್ತಿನ ಗಂಟೆಗೋಪುರ, ಇನ್ನೊಂದು ಊರಿಗೆಲ್ಲ ನೀರು ಕೊಡುವ ತಾವರೆಕೆರೆ. ಮೂರನೆಯದು ಹೆಬ್ಬಾಗಿಲ ಕಾವಲುಗಾರ ಬೊಮ್ಮಣ್ಣ ಎಂದು ಅವನ ಹೆಂಡತಿ ಚೆನ್ನಾಜಿ ಕೀಟಲೆ ಮಾಡುತ್ತಿದ್ದಳು. ಅವನೂ ಗೋಪುರದ ಹಾಗೆ ನಿಂತಲ್ಲೇ ನಿಂತಿರುತ್ತಿದ್ದನಲ್ಲ!

ಚೆನ್ನಾಜಿ ಚಿತ್ರ ಬರೆಯುವವಳು. ನದಿಯ ಆಚೆ ದಡದಲ್ಲಿ ಉರಿಮೀಸೆ ಎಂಬ ಮಾಂತ್ರಿಕ ದೊರೆ ದಂಡು ಇಳಿಸಿ ಮೂರು ತಿಂಗಳಾಗಿತ್ತು. ಅವನ ಮೀಸೆಯ ಎರಡು ತುದಿಯಲ್ಲೂ ಸದಾ ಬೆಂಕಿ ಉರಿಯುತ್ತಿತ್ತು. ಊರಿನವರಿಗೆ ಮಾತ್ರ ಬಿಸಿ ತಟ್ಟಿರಲಿಲ್ಲ.

"ಯಾರು ಬಂದ್ರೂ ತಲೆಗೆ ಎಣ್ಣೆ ಹಚ್ಚೋರೇ ಅಲ್ವೇನಮ್ಮಾ?" ಎಂದು ಗಾಣದ ಮುದ್ದಯ್ಯ ಆಕಳಿಸಿದ.

ಚೆನ್ನಾಜಿಗೆ ಮೈಯೆಲ್ಲ ಉರಿಯಿತು. ಪೇಟೆಯ ಬಿಳಿ ಗೋಡೆಯ ಮೇಲೆ 'ಉರಿಮೀಸೆ ಗೆದ್ದರೆ ನಮ್ಮೂರು' ಎಂದು ದೊಡ್ಡದಾಗಿ ಬರೆದು, ಕೆಳಗೆ ಮೂರು ಚಿತ್ರ ಬಿಡಿಸಿದಳು. ಮೊದಲನೆಯದರಲ್ಲಿ ಗಂಟೆಗೋಪುರ ಅವನು ಹೊಗೆ ಸೇದುವ ಗುಡುಗುಡಿಯಾಗಿತ್ತು. ಎರಡನೆಯದರಲ್ಲಿ ತಾವರೆಕೆರೆ ಅವನು ಉಗುಳುವ ಪೀಕದಾನಿಯಾಗಿತ್ತು. ಮೂರನೆಯದರಲ್ಲಿ ಹೆಬ್ಬಾಗಿಲ ಕಾವಲುಗಾರ ಅವನ ಕಾಲ್ಮಣೆಯಾಗಿ ಮಂಡಿಯೂರಿ ಬಗ್ಗಿದ್ದ. ಬೇರೆ ಕಾವಲುಗಾರನನ್ನು ಬರೆದರೆ ಜಗಳಕ್ಕೆ ಬರುತ್ತಾನೆಂದು ತನ್ನ ಗಂಡನನ್ನೇ ಬರೆದಳು.

ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಕ್ಕಿತು. ಬೊಮ್ಮಣ್ಣನೂ ನಕ್ಕ. "ನಿಂತೂ ನಿಂತೂ ಕಾಲು ಸೋತಿತ್ತು. ಚಿತ್ರದಲ್ಲಾದ್ರೂ ಕೂರಿಸಿದೀಯಲ್ಲ, ಬಿಡು."

ಮರುದಿನ ಬೆಳಿಗ್ಗೆ ಗಂಟೆ ಮೊಳಗಲಿಲ್ಲ. ಚೆನ್ನಾಜಿ ಹೊರಗೆ ಬಂದು ತಲೆಯೆತ್ತಿದಳು. ಗೋಪುರದ ನೆತ್ತಿಯಿಂದ ಉದ್ದನೆಯ ಕೊಳವೆಯೊಂದು ಹೊರಟು, ಮನೆಗಳ ಮೇಲೆ ಹಾದು, ನದಿ ದಾಟಿ ಹೋಗಿತ್ತು. ಕಿಟಕಿಕಿಟಕಿಯಲ್ಲೂ ಹೊಗೆ. ಅವಳು ಅಂದಕ್ಕಿರಲಿ ಎಂದು ಚಿತ್ರದ ಕೊಳವೆಗೆ ಒಂಬತ್ತು ಬಳೆ ತೊಡಿಸಿದ್ದಳು. ಎಣಿಸಿದಳು. ಒಂಬತ್ತೇ ಇದ್ದವು. ಓಡಿಹೋಗಿ ಗೋಡೆಗೆ ಸುಣ್ಣ ಬಳಿದಳು. ಮೂರು ಚಿತ್ರವೂ ಅಳಿಸಿಹೋದವು.

ಎರಡನೆಯ ಬೆಳಿಗ್ಗೆ ಕೆರೆ ಕೆಂಪಗಿತ್ತು. ಹೊಗೆಸೊಪ್ಪಿನ ನಾತ ಹೊಡೆಯುತ್ತಿತ್ತು. ನೀರಿಗೆ ಬಂದ ಹೆಂಗಸರು ಕೊಡ ಹಿಡಿದುಕೊಂಡೇ ನಿಂತಿದ್ದರು.

"ಇದನ್ನ ನೀನೇ ಬರೆದಿದ್ದಲ್ವಾ?" ಎಂದು ಮುದ್ದಯ್ಯ ಮೆಲ್ಲಗೆ ಕೇಳಿದ.

ಉಳಿದದ್ದು ಮೂರನೆಯದು. ಚೆನ್ನಾಜಿ ಎದ್ದೆನೋ ಬಿದ್ದೆನೋ ಎಂದು ಹೆಬ್ಬಾಗಿಲಿಗೆ ಓಡಿದಳು. "ಏನ್ರೀ, ಎಲ್ಲಾದ್ರೂ ಹೋಗಿಬಿಡಿ! ನಿಮ್ಮ ಕಾಲು ಹಿಡೀತೀನಿ!"

"ಬಾಗಿಲು ಬಿಟ್ಟು ಎಲ್ಲಿಗೇ ಹೋಗಲಿ?" ಎಂದ ಬೊಮ್ಮಣ್ಣ.

ಮೂರನೆಯ ಬೆಳಿಗ್ಗೆ ಬಾಗಿಲಲ್ಲಿ ಅವನ ಈಟಿ ಮಾತ್ರ ಇತ್ತು. ಚೆನ್ನಾಜಿ ಅಳಲಿಲ್ಲ, ಅಳು ಬರಲಿಲ್ಲ. ಬಣ್ಣದ ಗಂಟು ಕಂಕುಳಲ್ಲಿಟ್ಟುಕೊಂಡು ದೋಣಿ ಹತ್ತಿದಳು.

ವೈರಿಯ ದಂಡಿನಲ್ಲಿ ಅವಳನ್ನು ಯಾರೂ ತಡೆಯಲಿಲ್ಲ. ಬದಲಿಗೆ ಕೈಮುಗಿದು ದಾರಿ ಬಿಟ್ಟರು! ಗುಡಾರದೊಳಗೆ ಉರಿಮೀಸೆ ಗುಡುಗುಡಿ ಎಳೆಯುತ್ತ ಕೂತಿದ್ದ. ಅವನ ಎರಡು ಕಾಲೂ ಬೊಮ್ಮಣ್ಣನ ಬೆನ್ನಿನ ಮೇಲಿದ್ದವು. ಬೊಮ್ಮಣ್ಣ ಮುಖ ನೆಲಕ್ಕೂರಿ ಕಲ್ಲಾಗಿದ್ದ.

"ಬಾ ತಾಯಿ, ಬಾ! ನನ್ನ ಮಾಯಾಕನ್ನಡಿಯಲ್ಲಿ ನಿನ್ನ ಗೋಡೆ ಕಂಡೆ," ಎಂದು ಮಾಂತ್ರಿಕ ಎದ್ದುನಿಂತ. "ನನಗೆ ಶಕ್ತಿ ಬೇಕಾದಷ್ಟಿದೆ. ಆದರೆ ಏನು ಮಾಡಬೇಕು ಅಂತಲೇ ಹೊಳೆಯೋದಿಲ್ಲ. ಮೂರು ತಿಂಗಳು ಸುಮ್ಮನೆ ಕೂತಿದ್ದೆ. ನೀನು ಹೇಳಿಕೊಟ್ಟೆ. ನನ್ನನ್ನು ಇಷ್ಟು ಚೆನ್ನಾಗಿ ಹೊಗಳಿ ಯಾರೂ ಬರೆದಿರಲಿಲ್ಲ!"

ಹೊಗಳಿ! ಊರೆಲ್ಲ ನಕ್ಕ ಗೇಲಿಯನ್ನು ಈ ಪುಣ್ಯಾತ್ಮ ಹೊಗಳಿಕೆ ಅಂದುಕೊಂಡಿದ್ದ.

"ಇನ್ನೊಂದು ಬರೆ," ಎಂದ ಉರಿಮೀಸೆ. "ನನ್ನ ಕಾಲದಲ್ಲಿ ಇಡೀ ಊರು ಹೇಗಿರಬೇಕು ಅಂತ. ಬರೆದದ್ದು ಬರೆದ ಹಾಗೇ ಮಾಡ್ತೀನಿ."

ಚೆನ್ನಾಜಿ ಬಟ್ಟೆ ಹಾಸಿ ಕುಂಚ ಹಿಡಿದಳು. ಗೋಪುರ ಬರೆದು ಗಂಟೆ ತೂಗುಹಾಕಿದಳು. ಕೆರೆ ಬರೆದು ತಾವರೆ ಅರಳಿಸಿದಳು. ಗಾಣದ ಮುಂದೆ ಮುದ್ದಯ್ಯನನ್ನು ಆಕಳಿಸಲು ಬಿಟ್ಟಳು. ಪೇಟೆಯಲ್ಲಿ ಊರವರನ್ನೂ ನದಿಯಾಚೆಯ ಬರೀ ಬಯಲಿನಲ್ಲಿ ತನ್ನನ್ನೂ ಬರೆದಳು. ಕೊನೆಗೆ ಹೆಬ್ಬಾಗಿಲು, ಈಟಿ, ಈಟಿ ಹಿಡಿದ ಬೊಮ್ಮಣ್ಣ. ಮುಖಕ್ಕೆ ಬಂದಾಗ ಅವಳ ಕೈ ನಿಂತುಹೋಯಿತು.

ಅವನ ಕೆನ್ನೆಯ ಮೇಲೊಂದು ಮಚ್ಚೆ ಇತ್ತು. ಯಾವ ಕೆನ್ನೆ?

ಎಡವೋ ಬಲವೋ ಅವಳಿಗೆ ನೆನಪಾಗಲೇ ಇಲ್ಲ. ಉರಿಮೀಸೆಯ ಮೀಸೆಯನ್ನು ಕೂದಲು ಕೂದಲಾಗಿ ಬರೆಯಬಲ್ಲವಳಾಗಿದ್ದಳು. ಮೂರು ತಿಂಗಳು ಹಗಲೆಲ್ಲ ಅವನನ್ನೇ ಧ್ಯಾನಿಸಿದ್ದಳು. ಹನ್ನೆರಡು ವರ್ಷ ಜೊತೆಗೆ ಉಂಡ ಗಂಡನ ಮುಖ ಮಾತ್ರ ಕಣ್ಣಿಗೆ ಬರಲಿಲ್ಲ. ಪಕ್ಕದಲ್ಲೇ ಇದ್ದ, ಆದರೆ ಮುಖ ನೆಲದ ಕಡೆಗಿತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಣ್ಣು ಮುಚ್ಚಿ ಎಡಗೆನ್ನೆಗೆ ಚುಕ್ಕಿ ಇಟ್ಟುಬಿಟ್ಟಳು.

ಉರಿಮೀಸೆ ಚಿತ್ರ ನೋಡಿದ. ಮತ್ತೆ ನೋಡಿದ. "ಇದರಲ್ಲಿ ನಾನೆಲ್ಲಿ?"

"ಮಹಾಪ್ರಭು," ಎಂದಳು ಚೆನ್ನಾಜಿ, "ಈ ತುಂಡು ಬಟ್ಟೇಲಿ ನೀವು ಹಿಡಿಸ್ತೀರಾ? ಊರು ಚಿಕ್ಕದು, ಹೇಗೋ ಹಿಡಿಸಿತು."

ಉರಿಮೀಸೆ ಹಿಗ್ಗಿಹೋದ. "ನಿಜ, ನಿಜ!" ಎಂದು ಮೀಸೆ ತಿರುವಿ, ಚಿತ್ರದ ಮೇಲೆ ಕೈಯಿಟ್ಟು ಮಂತ್ರ ಹೇಳಿದ. ನದಿಯಾಚೆ ಢಣ್ ಎಂದು ಗಂಟೆ ಮೊಳಗಿತು. ಚಿತ್ರದಲ್ಲಿ ಮಾಂತ್ರಿಕನಿರಲಿಲ್ಲ, ಈಗ ಎಲ್ಲಿಯೂ ಇರಲಿಲ್ಲ. ಗುಡಾರವಿಲ್ಲ, ದಂಡಿಲ್ಲ, ಕಾಲ್ಮಣೆಯೂ ಇಲ್ಲ. ಬರೀ ಬಯಲಿನಲ್ಲಿ ಚೆನ್ನಾಜಿ ಒಬ್ಬಳೇ ಕೂತಿದ್ದಳು.

ಅವಳು ದೋಣಿ ಇಳಿದು ಓಡಿದಳು. ಬೊಮ್ಮಣ್ಣ ಈಟಿ ಹಿಡಿದು ನಿಂತಲ್ಲೇ ನಿಂತಿದ್ದ. ಊರವರ ಎದುರಿಗೇ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿದಳು. ಮಚ್ಚೆ ಎಡಗಡೆ ಇತ್ತು.

"ಏನ್ರೀ, ಇದು ಮೊದಲಿಂದ ಈ ಕಡೆನೇ ಇತ್ತಾ?"

"ನನ್ನನ್ನೇನು ಕೇಳ್ತೀಯ?" ಎಂದ ಬೊಮ್ಮಣ್ಣ. "ನನ್ನ ಮುಖ ನನಗೆ ಕಾಣುತ್ತೇನೇ? ಅದನ್ನ ನೋಡೋಳು ನೀನು."

ಆಮೇಲೆ ಕೆಂಬಾಗಿಲಿನಲ್ಲಿ ಮಳೆ ಬೆಳೆ ಚೆನ್ನಾಗಿ ಆಯಿತು, ಎಲ್ಲರೂ ಉಂಡು ಉಟ್ಟು ಸುಖವಾಗಿದ್ದರು. ಚೆನ್ನಾಜಿಗೆ ಮಾತ್ರ ಆ ಮಚ್ಚೆ ಮೊದಲು ಯಾವ ಕೆನ್ನೆಯಲ್ಲಿತ್ತೆಂದು ಕೊನೆಗೂ ಗೊತ್ತಾಗಲಿಲ್ಲ. ಅವಳು ದಿನಾ ಬೆಳಿಗ್ಗೆ ಗಂಡನ ಮುಖವನ್ನು ಕಣ್ತುಂಬ ನೋಡಿದ ಮೇಲೆಯೇ ಕುಂಚ ಹಿಡಿಯುತ್ತಿದ್ದಳು.